ಅಮಾವಾಸ್ಯೆಯ ದಿನ ಕತ್ತರಿಸಿದ ಕೂದಲು

ಹೋದ ದೀಪಾವಳಿಗೆ ನೀವಿಬ್ಬರೂ ಬೆಳಗಾವಿಯಿಂದ ಪುಣೆಗೆ ಬಂದಾಗ, ನಮ್ಮ ಮಲಗುವ ಕೋಣೆಯ ಕಪಾಟಿನ ಮೇಲೆ ಒಂದು ಹೆಣ್ಣಿನ ತಲೆ ಕುಳಿತಿರುವುದನ್ನು ಕಂಡು ಚಿಕ್ಕವಳು ಚೀರಿ ಹೊರಗೆ ಓಡಿದಳು. ದೊಡ್ಡವನು ಸ್ಟೂಲ್ ಹತ್ತಿ ಅದರ ಮೂಗು ಹಿಡಿದು ಜಗ್ಗಿ ನೋಡಿ, "ಆಯಿ, ತಲಿ ರಬ್ಬರಿಂದು, ಕೂದ್ಲಾ ಮಾತ್ರ ಖರೇನ ಅವ," ಎಂದ. ಇದು ಯಾರದು, ಯಾಕೆ ಇಟ್ಟುಕೊಂಡಿದ್ದೀರಿ ಎಂದು ಇಬ್ಬರೂ ಕೇಳಿದಿರಿ. ಆಗ ಮನೆ ತುಂಬ ಜನ. ನಾಲ್ಕು ಜನರ ನಡುವೆ ನನಗೆ ಬಾಯಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನಕ್ಕು ಒಳಗೆ ಹೋದೆ.

ಮೊನ್ನೆ ದೊಡ್ಡವನು ಫೋನಿನಲ್ಲಿ, ಶಾಲೆಯಲ್ಲಿ ಮುಂದೆ ಏನಾಗಬೇಕು ಎನ್ನುವ ತರಗತಿ ಶುರುವಾಗಿದೆ, ಎಲ್ಲರೂ ಏನೇನೋ ಹೇಳುತ್ತಾರೆ, ನನಗೆ ಏನೂ ಹೊಳೆಯುತ್ತಿಲ್ಲ ಎಂದ. ಅವನ ದನಿ ಸಣ್ಣದಾಗಿತ್ತು. ಆ ದನಿಯನ್ನು ನಾನು ಈ ಮನೆಯಲ್ಲಿ ಹಿಂದೊಮ್ಮೆ ಕೇಳಿದ್ದೇನೆ. ಅದಕ್ಕೇ ಆ ತಲೆಯ ಸಂಗತಿಯನ್ನು ಬರೆದು ಕಳಿಸುತ್ತಿದ್ದೇನೆ. ನಿಮ್ಮ ಈ ಅಜ್ಜಿ ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯ ತನಕ. ಅಕ್ಷರ ತಪ್ಪಿದ್ದರೆ ನಿಮ್ಮ ಅವ್ವ, ನನ್ನ ಮಗಳು, ತಿದ್ದಿ ಓದಿ ಹೇಳಲಿ.

ಆ ತಲೆ ನಿಮ್ಮ ಅಕ್ಕನದು. ನನ್ನ ಮಗನ ಮಗಳದು. ಆಕೆಯ ಕೂದಲಲ್ಲ, ಆಕೆ ಕೂದಲು ಕತ್ತರಿಸಲು ಕಲಿತ ಬೊಂಬೆ.

ಆಕೆ ಸಣ್ಣವಳಿದ್ದಾಗ ದಿನವೂ ಹೆರಳು ಹಾಕುತ್ತಿದ್ದವಳು ನಾನು. ನನ್ನ ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಪಾಳಿ ಇದ್ದರೆ ಮಗು ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ನಾನು ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ಕೂತು, ಮಗುವನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ ಬಾಚುತ್ತಿದ್ದೆ. ಹಣಿಗೆಯಲ್ಲಿ ಸಿಕ್ಕ ಕೂದಲನ್ನು ನಾವು ಹಾಗೇ ಬಿಸಾಕುವುದಿಲ್ಲ. ಬೆರಳಿಗೆ ಸುತ್ತಿ ಸಣ್ಣ ಉಂಡೆ ಮಾಡಿ, ತುಟಿಯ ಹತ್ತಿರ ಹಿಡಿದು ಥೂ ಥೂ ಎಂದು ಉಗುಳಿದ ಹಾಗೆ ಮಾಡಿ, ಆಮೇಲೆ ಬಿಸಾಕುವುದು. ಹಾಗೆ ಮಾಡದೆ ಬಿಟ್ಟರೆ ಆ ಕೂದಲು ಯಾರದೋ ಕಣ್ಣಿಗೆ, ಯಾರದೋ ಕೈಗೆ ಬಿದ್ದು ಕೂದಲಿನವಳಿಗೆ ಕೇಡಾಗುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಮಗುವಿಗೆ ಅದೊಂದು ಆಟ. ನಾನು ಉಂಡೆ ಮಾಡಿ ಹಿಡಿದರೆ ಸಾಕು, ಆಕೆ ತಿರುಗಿ ನನಗಿಂತ ಮೊದಲೇ ಥೂ ಥೂ ಎಂದು ಕಿಲಕಿಲ ನಗುತ್ತಿದ್ದಳು. ದೊಡ್ಡವಳಾಗಿ ತಾನೇ ಬಾಚಿಕೊಳ್ಳುವಾಗಲೂ ಅದನ್ನು ಬಿಡಲಿಲ್ಲ. ಒಂದು ಕೈಯಲ್ಲಿ ಫೋನು ನೋಡುತ್ತಾ ಇನ್ನೊಂದು ಕೈಯಲ್ಲಿ ಉಂಡೆ ಮಾಡಿ ಥೂ ಎನ್ನುತ್ತಿದ್ದಳು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಕೆ ಹನ್ನೆರಡನೆಯ ಇಯತ್ತೆಯಲ್ಲಿ ಇದ್ದಾಗ ಶಾಲೆಯವರು ಒಂದು ದಿನ ತಂದೆತಾಯಿಗಳನ್ನು ಕರೆದರು. ಸಭಾಂಗಣದ ತುಂಬ ಮೇಜು. ಒಂದೊಂದು ಮೇಜಿಗೆ ಒಂದೊಂದು ಉದ್ಯೋಗದವರು. ಸೊಸೆಗೆ ರಜೆ ಸಿಗದ ಕಾರಣ ನನ್ನ ಮಗ ನನ್ನನ್ನು ಕರೆದುಕೊಂಡು ಹೋಗಿದ್ದ. ಅವನು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು, ಫೇಲು ಮಾಡುವ ಕೆಲಸದಲ್ಲಿದ್ದಾನೆ. ನೇರವಾಗಿ ಎಂಜಿನಿಯರಿಂಗ್ ಮೇಜಿಗೆ ಹೋಗಿ ಸಾಲಿನಲ್ಲಿ ನಿಂತ. ಅವನ ಪಾಳಿ ಬಂದಾಗ ಹಿಂತಿರುಗಿ ನೋಡಿದರೆ ಮಗಳಿಲ್ಲ. ಮೂಲೆಯ ಮೇಜಿನಲ್ಲಿ ಒಂದು ರಬ್ಬರ್ ತಲೆ ಇಟ್ಟಿದ್ದರು. ಅದರ ಹಿಂದೆ ನಿಂತು, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಹೆರಳು ಹಾಕುತ್ತಿದ್ದಳು. ಅಷ್ಟು ಜನರ ಗದ್ದಲ ಆಕೆಗೆ ಕೇಳಿಸುತ್ತಲೇ ಇರಲಿಲ್ಲ.

ಆವತ್ತಿನಿಂದ ಮನೆಯಲ್ಲಿ ಜಗಳ.

"ಮಂದಿ ತಲಿ ಕತ್ತರಸಾಕ ಇಷ್ಟು ಓದಿಸಿದ್ನೇನು ನಾ?" ಎಂದು ನನ್ನ ಮಗ.

"ಮಂದಿ ತಲಿ ಅಲ್ಲ ಪಪ್ಪಾ, ಮಂದಿ ಕೂದ್ಲಾ."

"ಬಾಯಿ ಮಾತ್ರ ಚಾಲೂ ಅದ ನಿಂದು."

ನಮ್ಮ ಊರಿನಲ್ಲಿ ಕ್ಷೌರದವರನ್ನು ಮನೆಗೆ ಕರೆಸಿ ತಲೆ ಕೊಡುತ್ತಿದ್ದರು, ಕಟ್ಟೆಯ ಮೇಲೆ ಮಾತ್ರ ಕೂರಿಸುತ್ತಿರಲಿಲ್ಲ. ನನ್ನ ಮಗ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವನ ಮನಸ್ಸಿನಲ್ಲಿ ಕೊರೆಯುತ್ತಿದ್ದುದು ಅದೇ ಎಂದು ನನಗೆ ಗೊತ್ತಿತ್ತು. ಊರಿನ ಮದುವೆಗಳಲ್ಲಿ ಮಗಳು ಏನು ಕಲಿಯುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ, ಏನೋ ಕೋರ್ಸು ಎಂದು ಹೇಳಿ ನೀರು ಕುಡಿಯಲು ಎದ್ದುಹೋಗುತ್ತಿದ್ದ.

ಆದರೂ ಸೊಸೆಯ ಮಾತಿಗೆ ಒಪ್ಪಿ ಮಗಳನ್ನು ಕೌಶಲ್ಯ ತರಬೇತಿ ಕೇಂದ್ರಕ್ಕೆ ಸೇರಿಸಿದ. ಅಲ್ಲಿಂದಲೇ ಆ ರಬ್ಬರ್ ತಲೆ ಮನೆಗೆ ಬಂತು. ಊಟದ ಮೇಜಿನ ಅಂಚಿಗೆ ಅದನ್ನು ಕ್ಲಾಂಪಿನಿಂದ ಬಿಗಿದು ಆಕೆ ಸಂಜೆಯೆಲ್ಲ ಬಾಚುವುದು, ಭಾಗ ಮಾಡುವುದು, ಕ್ಲಿಪ್ ಹಾಕುವುದು, ಬಿಚ್ಚುವುದು. ನಾವು ಅದರ ಎದುರಿಗೇ ಕೂತು ರೊಟ್ಟಿ ತಿನ್ನುತ್ತಿದ್ದೆವು. "ಈಕಿಗೂ ಒಂದು ತಾಟು ಹಚ್ರಿ ಅತ್ತಿ," ಎಂದು ಸೊಸೆ ನಗಾಡುತ್ತಿದ್ದಳು.

ಮರುವರ್ಷ ಆಕೆ ಒಂದು ಸ್ಪರ್ಧೆಗೆ ಹೆಸರು ಕೊಟ್ಟಳು. ಏನದು ಎಂದು ನಾನು ಕೇಳಿದ್ದಕ್ಕೆ ನನ್ನ ಪಕ್ಕ ಕೂತು ತಿಳಿಸಿ ಹೇಳಿದಳು. ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ಒಂದು ಕಡೆ ಸೇರುತ್ತಾರಂತೆ. ಒಬ್ಬ ಇಟ್ಟಿಗೆಯ ಗೋಡೆ ಕಟ್ಟುತ್ತಾನೆ, ಒಬ್ಬಳು ವೆಲ್ಡಿಂಗ್ ಮಾಡುತ್ತಾಳೆ, ಒಬ್ಬ ಬ್ರೆಡ್ ಸುಡುತ್ತಾನೆ, ಒಬ್ಬಳು ಕೂದಲು ಕತ್ತರಿಸುತ್ತಾಳೆ. ಎಲ್ಲರಿಗೂ ಒಂದೇ ಕೆಲಸ, ಒಂದೇ ವೇಳೆ. ಯಾರದು ಚೊಕ್ಕ ಆಯಿತೋ ಅವರಿಗೆ ಪದಕ.

"ಓಡೂದು, ಜಿಗಿಯೂದು ಇರ್ತದಲಾ, ಹಂಗ ಇದು. ಕೈ ಕೆಲಸದ ಆಟ," ಎಂದಳು.

ಜಿಲ್ಲೆಯಲ್ಲಿ ಗೆದ್ದಳು. ರಾಜ್ಯದಲ್ಲಿ ಗೆದ್ದಳು. ಇನ್ನು ಉಳಿದದ್ದು ದೇಶದ ತಂಡಕ್ಕೆ ಆರಿಸುವ ಕೊನೆಯ ಪರೀಕ್ಷೆ. ಅದು ನಮ್ಮ ಪುಣೆಯಲ್ಲೇ, ಭೋಸರಿಯ ಒಂದು ತರಬೇತಿ ಸಂಸ್ಥೆಯಲ್ಲಿ. ಆಗ ನನ್ನ ಮಗ ಊಟಕ್ಕೆ ಕೂತಾಗ ಮಾತು ಹಾಕಿದ.

"ಮೊದಲನೇ ನಂಬರ್ ಬಂದು ದೇಶದ ಪರವಾಗಿ ಹೋಗ್ತೀ, ಹೋಗು. ನಾನೂ ಎದಿ ತಟ್ಟಿ ಹೇಳ್ತೀನಿ ಮಂದಿಗೆ. ಇಲ್ಲಾಂದ್ರ ಈ ಕತ್ರಿ ಹಣಿಗಿ ಎಲ್ಲಾ ಕಟ್ಟಿಡೂದು. ಜೂನ್‌ದಾಗ ಬಿ.ಕಾಂ.ಗೆ ಹಚ್ತೀನಿ. ಒಪ್ಪಿಗಿ ಅದ?"

ಆಕೆ ತಟ್ಟೆ ನೋಡುತ್ತಾ, "ಒಪ್ಪಿಗಿ," ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಎದುರಿನ ರಬ್ಬರ್ ತಲೆಗೂ ಕೇಳಿಸಿರಲಿಕ್ಕಿಲ್ಲ.

ಅಲ್ಲಿಂದ ನನ್ನ ಮನಸ್ಸೆಲ್ಲ ಆ ಪರೀಕ್ಷೆಯ ಮೇಲೆ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಲೆಕ್ಕ ತಪ್ಪಿ ಬೇಳೆ ತಳ ಹಿಡಿಯುತ್ತಿತ್ತು.

ಪರೀಕ್ಷೆ ಎರಡು ದಿನದ್ದು. ಮೊದಲ ದಿನ ರಬ್ಬರ್ ತಲೆಯ ಮೇಲೆ ಕೆಲಸ. ಎರಡನೆಯ ದಿನ ಜೀವಂತ ಮನುಷ್ಯರ ತಲೆಯ ಮೇಲೆ. ಆ ಮನುಷ್ಯರನ್ನು ಸ್ಪರ್ಧಿಯೇ ಕರೆದುಕೊಂಡು ಬರಬೇಕು. ವಯಸ್ಸಿನ ಕಟ್ಟುಪಾಡಿಲ್ಲ. ಕೂದಲು ಮಾತ್ರ ಬೆನ್ನು ದಾಟಿ ಇಳಿದಿರಬೇಕು, ಯಾವತ್ತೂ ಬಣ್ಣ ಹಚ್ಚಿರಬಾರದು, ಯಂತ್ರದಲ್ಲಿ ನೆಟ್ಟಗೆ ಮಾಡಿಸಿರಬಾರದು. ನಮ್ಮ ಸೊಸೈಟಿಯ ಮೂರನೆಯ ಮಹಡಿಯಲ್ಲಿ ಒಬ್ಬ ಮರಾಠಿ ಹೆಣ್ಣುಮಗಳಿದ್ದಾಳೆ, ಎಲ್ಲರೂ ಕಾಕೂ ಎನ್ನುತ್ತಾರೆ. ಅಂಥ ಕೂದಲು ಆಕೆಗಿತ್ತು. ಬೇಸಿಗೆಯಲ್ಲಿ ಹೇಗೂ ಕತ್ತರಿಸಬೇಕೆಂದಿದ್ದೆ, ಬರುತ್ತೇನೆ ಎಂದು ಖುಷಿಯಿಂದ ಒಪ್ಪಿಕೊಂಡಿದ್ದಳು.

ಮೊದಲ ದಿನದ ಕೆಲಸ ಚೆನ್ನಾಗಿ ಆಯಿತೆಂದು ನಿಮ್ಮ ಅಕ್ಕ ಮಧ್ಯಾಹ್ನ ಮನೆಗೆ ಬಂದಳು. ಚಪ್ಪಲಿ ಬಿಡುವಷ್ಟರಲ್ಲಿ ಕಾಕೂ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಕ್ಯಾಲೆಂಡರ್ ನೋಡಿರಲಿಲ್ಲ, ನಾಳೆ ಅಮಾವಾಸ್ಯೆ, ಅತ್ತೆ ಬೇಡ ಎನ್ನುತ್ತಾರೆ ಎಂದಳು. "ಉದ್ಯಾ ಅಮಾವಸ್ಯಾ ಆಹೇ ಗ," ಎಂದು ಎರಡೆರಡು ಸಲ ಹೇಳಿ, ಆಕೆಯ ಕೆನ್ನೆ ಸವರಿ, ಮೆಟ್ಟಿಲು ಇಳಿದುಹೋದಳು. ಆಕೆಯನ್ನು ನಾನು ಬೈಯಲಾರೆ. ಅಮಾವಾಸ್ಯೆಯ ದಿನ ಕೂದಲಿಗೆ ಕತ್ತರಿ ಹಾಕುವುದು ನಮ್ಮಲ್ಲೂ ಇಲ್ಲ.

ನಿಮ್ಮ ಅಕ್ಕ ಫೋನು ಹಿಡಿದು ಕೂತಳು. ಒಬ್ಬ ಗೆಳತಿ, ಇನ್ನೊಬ್ಬಳು, ಮತ್ತೊಬ್ಬಳು. ಒಬ್ಬಳ ಕೂದಲಿಗೆ ತಾಮ್ರದ ಬಣ್ಣ, ಒಬ್ಬಳದು ಪಾರ್ಲರಿನಲ್ಲಿ ನೆಟ್ಟಗೆ ಮಾಡಿಸಿದ್ದು, ಇನ್ನೊಬ್ಬಳದು ಭುಜದ ತನಕ ಮಾತ್ರ. ನಾನು ನೆಲದಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಸೆಕೆಗೆ ಸೆರಗನ್ನು ತಲೆಯಿಂದ ಇಳಿಸಿಕೊಂಡಿದ್ದೆ. ಒಮ್ಮೆ ತಲೆ ಎತ್ತಿದರೆ ಆಕೆ ನನ್ನ ತುರುಬನ್ನು ನೋಡುತ್ತಿದ್ದಳು. ನಾನು ಕಂಡೆನೆಂದು ತಿಳಿದ ಕೂಡಲೇ ಮುಖ ತಿರುಗಿಸಿ ಕಿಟಕಿಯ ಕಡೆ ನೋಡತೊಡಗಿದಳು.

ಮಕ್ಕಳೇ, ನಿಮ್ಮ ಅಜ್ಜ ಬದುಕಿದ್ದಾಗಲೂ ನಾನು ಅವರೆದುರು ಕೂದಲು ಬಿಚ್ಚಿ ನಿಂತವಳಲ್ಲ. ಅವರು ಹೋದ ಮೇಲಂತೂ ಮನೆಯ ಹೊರಗೆ ಸೆರಗನ್ನು ತಲೆಯಿಂದ ಇಳಿಸಿಯೇ ಇಲ್ಲ. ಚಿಕ್ಕಂದಿನಲ್ಲಿ ನಮ್ಮ ಓಣಿಯಲ್ಲಿ ಗಂಡನಿಲ್ಲದ ಮುದುಕಿಯೊಬ್ಬಳಿದ್ದಳು, ತಲೆ ಬೋಳಿಸಿದ್ದರು. ಆಕೆ ಬಾವಿಗೆ ಬರುವ ಹೊತ್ತಿಗೆ ಉಳಿದವರು ಸರಿದು ನಿಲ್ಲುತ್ತಿದ್ದರು. ನಮ್ಮ ಮನೆತನದಲ್ಲಿ ಆ ಪದ್ಧತಿ ಇರಲಿಲ್ಲ. ಆದರೂ ಗಂಡನಿಲ್ಲದವಳ ಕೂದಲಿಗೆ ಕತ್ತರಿ ಎಂದರೆ ನನ್ನ ಕಣ್ಣಿಗೆ ಬರುವುದು ಆ ಬಾವಿಕಟ್ಟೆ. ಅದೆಲ್ಲ ಒಂದೇ ಸಲಕ್ಕೆ ಎದೆಗೆ ಬಂತು. ಜೊತೆಗೆ ಆ ತಟ್ಟೆ ನೋಡುತ್ತಾ ಹೇಳಿದ ಒಪ್ಪಿಗೆಯೂ ಬಂತು.

"ನಂದು ನಡೀತದೇನು?" ಎಂದು ಕೇಳಿದೆ. ಕೇಳಿದ ಮೇಲೆ ನನ್ನ ದನಿಗೆ ನಾನೇ ಹೆದರಿದೆ.

ಆಕೆ ಬಂದು ನನ್ನ ಮುಂದೆ ಕೂತಳು. "ಬ್ಯಾಡ ಆಯಿ. ನಾ ಏನೂ ಅನ್ಲಿಲ್ಲ."

"ನೀ ಅನ್ಲಿಲ್ಲ. ನಾ ಕೇಳ್ತೀನಿ. ನಡೀತದೋ ಇಲ್ಲೋ?"

"ನಡೀತದ. ಖರೇ, ಅಲ್ಲಿ ಎಲ್ಲಾರ ಮುಂದ ಕೂಡಬೇಕಾಗ್ತದ. ಕುತಗಿ ತನಕ ಕತ್ತರಸಬೇಕಾಗ್ತದ."

"ಅಮಾಸಿ ದಿನ ಕೂದ್ಲಾ ನೆಲಕ್ಕ ಬೀಳಬಾರದು ಅಂತಾರವಾ. ಅದೊಂದು ಅಂಜಿಕಿ ನೋಡು ನನಗ."

"ನಾ ನೋಡಿಕೋತೀನಿ ಆಯಿ," ಎಂದು ನನ್ನ ಮೊಣಕಾಲಿನ ಮೇಲೆ ತಲೆ ಇಟ್ಟಳು.

ಸಂಜೆ ನನ್ನನ್ನು ಬಚ್ಚಲಲ್ಲಿ ಕೂರಿಸಿ ತಲೆ ತೊಳೆದಳು. ತೊಳೆದಷ್ಟೂ ಜಿಡ್ಡು. "ಆಯಿ, ಇದು ಕೂದ್ಲಾ ಅಲ್ಲ, ಎಣ್ಣಿ ಗಾಣ! ನಿನ್ನ ಮದವಿ ದಿನದ ಎಣ್ಣಿನೂ ಇದರಾಗ ಅದ," ಎಂದು ಶಾಂಪೂ ಬಾಟಲಿಯನ್ನು ಅಲ್ಲಾಡಿಸಿದಳು. ನಾನು ನಗಲು ಹೋದೆ, ನೊರೆ ಬಾಯಿಗೆ ಹೋಯಿತು.

ನನ್ನ ಮಗ ಕಂಪನಿ ಬಸ್ಸಿಳಿದು ಮನೆಗೆ ಬಂದಾಗ ನಾನು ಫ್ಯಾನಿನ ಕೆಳಗೆ ಕೂದಲು ಹರವಿಕೊಂಡು ಕೂತಿದ್ದೆ. ಸೊಸೆಯೇ ವಿಷಯ ತಿಳಿಸಿದಳು. ಅವನು ಚೀಲ ಕೆಳಗಿಡಲಿಲ್ಲ.

"ಅವ್ವನ ಕೂದ್ಲಾನ? ಅದೂ ಅಷ್ಟು ಮಂದಿ ಮುಂದ?"

ನನ್ನ ಕಡೆ ತಿರುಗಿದ.

"ಅವ್ವಾ, ನಿನಗ ಯಾರರ ಜುಲುಮಿ ಮಾಡಿದ್ರೇನು?"

"ಇಲ್ಲಪ್ಪಾ. ನಾನ ಅಂದೆ."

"ಏನರ ಮಾಡಿಕೊಳ್ರಿ. ನಾ ಬರಂಗಿಲ್ಲ," ಎಂದು ಒಳಗೆ ಹೋದ. ಆ ದಿನ ಅವನು ಊಟಕ್ಕೆ ಮೊಸರು ಕೂಡ ಕೇಳಲಿಲ್ಲ.

ಮರುದಿನ ನಾವಿಬ್ಬರೂ ನಮ್ಮ ಬಡಾವಣೆ ಕೋಥರೂಡದಿಂದ ಬಸ್ಸು ಹತ್ತಿದೆವು. ಪರೀಕ್ಷೆಗೆ ಮೊದಲು ಕೈ ಆಡಿಸಿಕೊಳ್ಳಲು ಬೇಕೆಂದು ಆಕೆ ರಬ್ಬರ್ ತಲೆಯನ್ನೂ ಬಟ್ಟೆಯ ಚೀಲದಲ್ಲಿ ತಂದಿದ್ದಳು. ಚೀಲದ ಬಾಯಿಯಿಂದ ಹಣೆ, ಕಣ್ಣು ಹೊರಗೆ ಕಾಣುತ್ತಿತ್ತು. ಕಂಡಕ್ಟರ್ ಬಂದು ಚೀಲ ನೋಡಿದ, ನನ್ನನ್ನು ನೋಡಿದ. "ತಿಕೀಟ ದೋನ ಕೀ ತೀನ?" ಎಂದ, ಎರಡು ಟಿಕೆಟ್ಟೋ ಮೂರೋ ಎಂದು. ಬಸ್ಸಿನವರೆಲ್ಲ ನಕ್ಕರು. ನಿಮ್ಮ ಅಕ್ಕನೂ ನಕ್ಕಳು. ನನಗೆ ಆಗ ನಗು ಬರಲಿಲ್ಲ, ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡು ಕೂತಿದ್ದೆ. ಈಗ ಬರೆಯುವಾಗ ಬರುತ್ತಿದೆ.

ಆ ಸಂಸ್ಥೆ ಒಂದು ದೊಡ್ಡ ಶೆಡ್ಡು. ಒಂದು ಕಡೆ ಪರದೆಯ ಹಿಂದೆ ವೆಲ್ಡಿಂಗಿನ ಬೆಳಕು ಚಟಚಟ ಎನ್ನುತ್ತಿತ್ತು. ಇನ್ನೊಂದು ಕಡೆ ಹುಡುಗರು ಮಂಡಿಯೂರಿ ಟೈಲ್ಸ್ ಕೂರಿಸುತ್ತಿದ್ದರು. ಎಲ್ಲಿಂದಲೋ ಬ್ರೆಡ್ಡಿನ ಪರಿಮಳ. ನಮ್ಮ ಜಾಗದಲ್ಲಿ ಸಾಲಾಗಿ ಕನ್ನಡಿ, ಕುರ್ಚಿ. ಹಗ್ಗದಾಚೆ ನೋಡುವವರು ನಿಂತಿದ್ದರು. ಮೊದಲೇ ನಿಯಮ ಹೇಳಿದರು. ಕೆಲಸ ಶುರುವಾದ ಮೇಲೆ ಸ್ಪರ್ಧಿಯ ಜೊತೆ ಯಾರೂ ಮಾತಾಡಬಾರದು, ಕುರ್ಚಿಯಲ್ಲಿ ಕೂತವರೂ ಸಹ. ಮಾತಾಡಿದರೆ ಅಂಕ ಕಡಿತ. ನಿಯಮ ಕೇಳಿ ನನಗೆ ಸಮಾಧಾನವೇ ಆಯಿತು. ಸುಮ್ಮನಿರುವುದೊಂದು ನನಗೆ ಬರುತ್ತದೆ.

ಪರೀಕ್ಷಕಿ ಕಪ್ಪು ಕೋಟು ಹಾಕಿದ ನಡುವಯಸ್ಸಿನವಳು, ಕೈಯಲ್ಲಿ ಟ್ಯಾಬ್. ನಾನು ಸೆರಗನ್ನು ಬಿಗಿಯಾಗಿ ಹಿಡಿದಿರುವುದನ್ನು ಕಂಡು "ಘಾಬರೂ ನಕಾ ಆಜೀ," ಹೆದರಬೇಡಿ ಅಜ್ಜಿ, ಎಂದಳು. ಹಾಗೆಂದ ಮೇಲೆ ಇನ್ನೂ ಬಿಗಿಯಾಗಿ ಹಿಡಿದೆ.

ಗಂಟೆ ಬಾರಿಸಿದರು. ನಿಮ್ಮ ಅಕ್ಕ ನನ್ನ ಸೆರಗನ್ನು ತಾನೇ ಮೆಲ್ಲಗೆ ಇಳಿಸಿದಳು. ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಕೂದಲು ಬೆನ್ನ ಮೇಲೆ ಬಿತ್ತು. ಹಗ್ಗದ ಆಚೆ ಅಷ್ಟೊಂದು ಕಣ್ಣು. ಮೈಮೇಲೆ ಬಟ್ಟೆಯಿದ್ದೂ ಇಲ್ಲದ ಹಾಗೆ ಅನಿಸಿತು. ಕಣ್ಣು ಮುಚ್ಚಿದೆ. ಅವಳ ಬೆರಳು ನನ್ನ ಕುತ್ತಿಗೆಗೆ ತಾಗಿತು. ಐಸಿನಂತೆ ತಣ್ಣಗಿತ್ತು, ನಡುಗುತ್ತಿತ್ತು. ಅದನ್ನು ತಿಳಿದದ್ದೇ ನನ್ನ ನಾಚಿಕೆ ಎಲ್ಲಿ ಹೋಯಿತೋ. ಈ ಕೈ ನಡುಗಿದರೆ ಎಲ್ಲ ಮುಗಿಯಿತು ಎಂಬ ಭಯ ಒಂದೇ ಉಳಿಯಿತು. ಕಣ್ಣು ಬಿಟ್ಟು ಕನ್ನಡಿಯಲ್ಲಿ ಆಕೆಯನ್ನೇ ನೋಡುತ್ತಾ ಕೂತೆ. ಉಸಿರು ಬಿಗಿ ಹಿಡಿದು ಕೂತೆ, ನಾನು ಅಲ್ಲಾಡಿದರೆ ಗೆರೆ ತಪ್ಪೀತು ಎಂದು.

ಕೂದಲನ್ನು ಭಾಗ ಭಾಗ ಮಾಡಿ ಕ್ಲಿಪ್ಪು ಹಾಕಿದಳು. ಹಿಂದಿನ ಒಂದು ಪದರವನ್ನು ಇಳಿಬಿಟ್ಟಳು. ಹಣಿಗೆಯಿಂದ ನೇರ ಬಾಚಿ, ಬೆರಳ ನಡುವೆ ಹಿಡಿದು, ಕತ್ತರಿ ಆಡಿಸಿದಳು. ಮೊದಲ ಹಿಡಿ ಕೂದಲು ನೆಲಕ್ಕೆ ಬಿತ್ತು. ಸದ್ದಿಲ್ಲ. ತಲೆ ಮಾತ್ರ ಕೊಡ ಇಳಿಸಿದಂತೆ ಹಗುರಾಯಿತು. ಕನ್ನಡಿಯಲ್ಲಿ ನೋಡಿದರೆ ಆಕೆಯ ನಾಲಿಗೆಯ ತುದಿ ಹಲ್ಲಿನ ನಡುವೆ ಬಂದಿತ್ತು. ಸದ್ಯ, ಇನ್ನು ಕೈ ನಡುಗುವುದಿಲ್ಲ ಎಂದುಕೊಂಡೆ. ನಡುಗಲಿಲ್ಲ. ಪದರದ ಮೇಲೆ ಪದರ ಇಳಿಬಿಟ್ಟು ಅದೇ ಗೆರೆಗೆ ಕತ್ತರಿಸುತ್ತಾ ಬಂದಳು. ಪರೀಕ್ಷಕಿ ಹಿಂದಿನಿಂದ ಬಾಗಿ ನೋಡಿ ತಲೆಯಾಡಿಸಿ ಹೋದಳು.

ಕತ್ತರಿಸಿ ಮುಗಿಯಿತು. ನೆಲದ ಕೂದಲನ್ನು ಒಟ್ಟುಮಾಡಿ ಡಬ್ಬಿಗೆ ಹಾಕಿ, ಆಮೇಲೆ ಗಾಳಿಯ ಯಂತ್ರದಿಂದ ಕೂದಲು ಒಣಗಿಸಬೇಕು. ಆಕೆ ಬಗ್ಗಿದಳು. ಗುಡಿಸಲಿಲ್ಲ. ಮೊದಲು ಬಿದ್ದಿದ್ದ ಆ ಹಿಡಿಯನ್ನು ಕೈಯಲ್ಲಿ ಎತ್ತಿಕೊಂಡಳು. ಬೆರಳಿಗೆ ಸುತ್ತಿದಳು. ಉಂಡೆ ಮಾಡಿದಳು. ತುಟಿಯ ಹತ್ತಿರ ತಂದು ಥೂ ಥೂ ಎಂದಳು.

ನನ್ನ ಬಾಯಿ ಬ್ಯಾಡ ಎನ್ನಲು ತೆರೆದೇಬಿಟ್ಟಿತ್ತು. ನಿಯಮ ನೆನಪಾಗಿ ತುಟಿ ಕಚ್ಚಿಕೊಂಡೆ. ಪರೀಕ್ಷಕಿ ಎದುರಿಗೇ ನಿಂತಿದ್ದಳು. ಕಣ್ಣು ಚಿಕ್ಕದು ಮಾಡಿ ನೋಡಿದಳು. ಟ್ಯಾಬಿನ ಮೇಲೆ ಬೆರಳು ಒತ್ತಿದಳು.

ನಿಮ್ಮ ಅಕ್ಕ ತಲೆ ಎತ್ತಿ ಕನ್ನಡಿಯಲ್ಲಿ ಅದನ್ನು ಕಂಡಳು. ಆಕೆಯ ಮುಖದ ರಕ್ತ ಇಳಿದುಹೋಯಿತು. ರಬ್ಬರ್ ತಲೆಯ ಮೇಲೆ ಎಷ್ಟೋ ಸಾವಿರ ಸಲ ಕತ್ತರಿ ಆಡಿಸಿದ್ದಾಳೆ, ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಬೊಂಬೆಗೆ ಯಾರ ದೃಷ್ಟಿ? ಇದು ಆಯಿಯ ಕೂದಲು. ಅಮಾವಾಸ್ಯೆಯ ದಿನ ನೆಲಕ್ಕೆ ಬಿದ್ದದ್ದು. ನಾನು ನೋಡಿಕೊಳ್ಳುತ್ತೇನೆ ಎಂದು ಹಿಂದಿನ ದಿನ ಹೇಳಿದ್ದಳು. ನೋಡಿಕೊಂಡಳು.

ಒಂದು ಕ್ಷಣ ಹಾಗೇ ನಿಂತಳು. ಬಿಟ್ಟುಹೋಗುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಆಕೆ ಕೈಗೆ ಔಷಧದ ನೀರು ಹಾಕಿ ಉಜ್ಜಿಕೊಂಡಳು, ಪೊರಕೆಯಿಂದ ನೆಲ ಚೊಕ್ಕ ಮಾಡಿದಳು, ಮತ್ತೆ ಕೈ ಉಜ್ಜಿಕೊಂಡಳು, ಗಾಳಿಯ ಯಂತ್ರ ಹಿಡಿದಳು. ಬಿಸಿ ಗಾಳಿ ನನ್ನ ಕಿವಿಗೆ ಬಡಿಯಿತು. ಕನ್ನಡಿಯಲ್ಲಿ ಹಗ್ಗದಾಚೆಯ ಜನ ಕಂಡರು. ಎಲ್ಲರ ಹಿಂದೆ, ಕಂಬಕ್ಕೆ ಒರಗಿ, ಕಂಪನಿಯ ಅಂಗಿಯಲ್ಲೇ ನನ್ನ ಮಗ ನಿಂತಿದ್ದ. ಯಾವಾಗ ಬಂದನೋ. ನನ್ನ ಬರಿದಾದ ಕುತ್ತಿಗೆಯನ್ನೇ ನೋಡುತ್ತಿದ್ದ.

ಸಂಜೆ ಹೆಸರು ಕೂಗಿದರು. ಮೊದಲನೆಯವಳು ಬೇರೆ ರಾಜ್ಯದ ಹುಡುಗಿ. ನಮ್ಮವಳು ಎರಡನೆಯವಳು.

ಜನ ಚದುರಿದ ಮೇಲೆ ಪರೀಕ್ಷಕಿ ನಮ್ಮ ಹತ್ತಿರ ಬಂದಳು. ಕತ್ತರಿಯ ಕೆಲಸದಲ್ಲಿ ಇವಳೇ ಮುಂದೆ, ಸ್ವಚ್ಛತೆಯಲ್ಲಿ ಅಂಕ ಹೋಯಿತು, ಬಾಯಿಯ ಹತ್ತಿರ ಕೂದಲು ಒಯ್ಯುವುದನ್ನು ಯಾವ ದೇಶದಲ್ಲೂ ಬಿಡುವುದಿಲ್ಲ ಎಂದಳು. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ. ನನ್ನ ಹರಕು ಮುರುಕು ಮರಾಠಿಯಲ್ಲಿ, ಉಗುಳಲಿಲ್ಲ ತಾಯಿ, ಬರೇ ಗಾಳಿ, ದೃಷ್ಟಿ ಆಗಬಾರದೆಂದು, ನಾನೇ ಕಲಿಸಿದ್ದು ಎಂದೆ. ಆಕೆ ನನ್ನ ಕೈ ಹಿಡಿದುಕೊಂಡಳು.

"ಮಾಝೀ ಆಜೀ ಪಣ ಅಸಂಚ ಕರಾಯಚೀ," ಎಂದಳು. ಆಕೆಯ ಅಜ್ಜಿಯೂ ಹೀಗೇ ಮಾಡುತ್ತಿದ್ದಳಂತೆ. ಕೈ ಹಿಡಿದುಕೊಂಡೇ, ನಿಯಮ ನಿಯಮವೇ ಎಂದೂ ಹೇಳಿದಳು. ಎರಡನೆಯವಳು ಮೀಸಲು ಸ್ಪರ್ಧಿ, ತಂಡದ ಜೊತೆ ತಿಂಗಳುಗಟ್ಟಲೆ ಶಿಬಿರದಲ್ಲಿ ಕಲಿಯಬೇಕು, ಮೊದಲನೆಯವಳಿಗೆ ಏನಾದರೂ ಆದರೆ ಮಾತ್ರ ಹೋಗಬೇಕು ಎಂದು ತಿಳಿಸಿದಳು.

ಮನೆಗೆ ಬರುವ ದಾರಿಯಲ್ಲಿ ನಿಮ್ಮ ಅಕ್ಕ ಚೀಲದೊಳಗಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ನೋಡುತ್ತಿದ್ದಳು. ಒಪ್ಪಿಗೆ ಒಪ್ಪಿಗೆಯೇ, ಆಕೆ ಅದನ್ನು ಮುರಿಯುವವಳಲ್ಲ. ಮನೆ ಮುಟ್ಟಿದ ಕೂಡಲೇ ಕತ್ತರಿ, ಹಣಿಗೆ, ಕ್ಲಿಪ್ಪು ಎಲ್ಲವನ್ನೂ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದಳು. ಸೊಸೆ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೆ ಕೂದಲು ಹೋದದ್ದಕ್ಕೆ ದುಃಖವಿರಲಿಲ್ಲ. ಹೋಗಿಯೂ ಕೆಲಸಕ್ಕೆ ಬರಲಿಲ್ಲವಲ್ಲ ಎಂಬುದೇ ಸಂಕಟ.

ನನ್ನ ಮಗ ಕೈಕಾಲು ತೊಳೆದು ಬಂದ. "ಅವ್ವಾ, ಇಲ್ಲಿ ಟ್ಯೂಬ್‌ಲೈಟ್ ಕೆಳಗ ಕೂಡು," ಎಂದ. ಬೈಯುತ್ತಾನೆ ಎಂದುಕೊಂಡು ಕೂತೆ. ಅವನು ಚೀಲದಿಂದ ತನ್ನ ಕೆಲಸದ ಸ್ಟೀಲಿನ ಅಳತೆಪಟ್ಟಿ ತೆಗೆದ.

"ನೆಟ್ಟಗ ಕೂಡು. ಗದ್ದ ಮ್ಯಾಲೆ ಮಾಡು."

ಕಿವಿಯ ಕೆಳಗೆ ಹಿಡಿದು ಅಳೆದ. ಆ ಕಡೆ ಹೋಗಿ ಅಳೆದ. ಹಿಂದೆ ಬಂದು ಪಟ್ಟಿಯನ್ನು ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ತಣ್ಣನೆಯ ಉಕ್ಕು ಕುತ್ತಿಗೆಗೆ ತಾಗಿ ನನಗೆ ಚಳಿ ಬಂತು. ಮೇಲಿನ ಪದರ ಎತ್ತಿ ಕೆಳಗಿನದನ್ನು ಅಳೆದ.

"ಪಟ್ಟಿ ಇಟಗೊಂಡು ಕತ್ತರಿಸಿದೇನು?" ಎಂದು ಮಗಳನ್ನು ಕೇಳಿದ.

"ಪಟ್ಟಿ ಇಲ್ಲ ಪಪ್ಪಾ. ಬೆರಳು, ಹಣಿಗಿ."

"ಮಾರ್ಕ್ ಮಾಡಿಕೊಂಡಿದ್ದಿ?"

"ಇಲ್ಲ."

"ಕೂದ್ಲಾ ಕಬ್ಬಿಣ ಅಲ್ಲ, ಜಾರ್ತದ. ಜೀವ ಇದ್ದ ಮನಶ್ಯಾ ಅಲ್ಲಾಡ್ತಾನ."

"ಆಯಿ ಅಲ್ಲಾಡ್ಲಿಲ್ಲ," ಎಂದಳು.

ಅವನು ಪಟ್ಟಿಯನ್ನು ಅಂಗಿಗೆ ಒರೆಸಿ, ಇನ್ನೊಮ್ಮೆ ನನ್ನ ಕುತ್ತಿಗೆಗೆ ಹಿಡಿದ. "ನಮ್ಮಲ್ಲಿ ಮಷೀನಿಂದ ಬಂದಿದ್ದು ಸುದ್ದಾ ದಿನಾ ಎಷ್ಟೋ ವಾಪಸ್ ಕಳಸ್ತೀನಿ ನಾ," ಎಂದ. ಅಲ್ಲಿಗೆ ನಿಲ್ಲಿಸಿದ. ಊಟಕ್ಕೆ ಕೂತಾಗ ಮೊಸರು ಹಾಕಿಸಿಕೊಂಡು, ತಟ್ಟೆ ನೋಡುತ್ತಾ, "ಆ ಶಿಬಿರ ಯಾವಾಗ ಸುರು ಅಂದ್ರು?" ಎಂದು ಕೇಳಿದ.

ನಿಮ್ಮ ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ನನಗಾಯಿತು. ಅನ್ನ ಬಡಿಸುವ ಸಟ್ಟುಗ ನನ್ನ ಕೈಯಿಂದ ಜಾರಿ ಪಾತ್ರೆಗೆ ಬಿತ್ತು.

ಆಕೆ ಶಿಬಿರಕ್ಕೆ ಹೋದಳು. ಪರದೇಶಕ್ಕೆ ಹೋಗಲಿಲ್ಲ. ಮೊದಲನೆಯ ಹುಡುಗಿಯೇ ಹೋದಳು, ಹೋಗಬೇಕಾದದ್ದೂ ಅವಳೇ. ಕೊನೆಯ ದಿನದ ತನಕ ಇವಳ ಚೀಲ ತುಂಬಿಕೊಂಡೇ ಇತ್ತು. ಅಲ್ಲಿಂದ ಫೋನು ಬಂದಾಗಲೆಲ್ಲ ಹೋಗು ಎಂದರೋ, ಬೇಡ ಎಂದರೋ ಎಂದು ಒಲೆ ಬಿಟ್ಟು ಓಡಿಬರುತ್ತಿದ್ದೆ. ಆ ಹುಡುಗಿಗೆ ಏನಾದರೂ ಆಗಲಿ ಎಂಬ ಆಸೆ ಒಮ್ಮೊಮ್ಮೆ ಇಣುಕುತ್ತಿತ್ತು, ಕೂಡಲೇ ಆ ಹುಡುಗಿಯ ಹೆಸರಿನಲ್ಲಿ ಒಂದು ದೀಪ ಹಚ್ಚುತ್ತಿದ್ದೆ. ಮುಂದಿನ ಸ್ಪರ್ಧೆಯ ಹೊತ್ತಿಗೆ ಸ್ಪರ್ಧಿಗಳಿಗಿರುವ ವಯಸ್ಸಿನ ಮಿತಿ ದಾಟಿದ್ದರಿಂದ ನಿಮ್ಮ ಅಕ್ಕನಿಗೆ ಇನ್ನೊಂದು ಅವಕಾಶವಿಲ್ಲ. ಈಗ ಕೋಥರೂಡದ ಸಲೂನಿನಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರ ಅದೇ ತರಬೇತಿ ಕೇಂದ್ರದಲ್ಲಿ ಹೊಸ ಹುಡುಗಿಯರಿಗೆ ಕಲಿಸುತ್ತಾಳೆ. ಊರಿನ ಮದುವೆಯಲ್ಲಿ ಯಾರಾದರೂ ಕೇಳಿದರೆ ನನ್ನ ಮಗ ಈಗ ನೀರು ಕುಡಿಯಲು ಏಳುವುದಿಲ್ಲ. ಎದೆಯನ್ನೂ ತಟ್ಟುವುದಿಲ್ಲ. "ಕೂದ್ಲಾ ಕತ್ತರಸ್ತಾಳ, ಲೈನ್ ಪಕ್ಕಾ ಇರ್ತದ," ಎನ್ನುತ್ತಾನೆ.

ನಾನು ಕೂದಲನ್ನು ಮತ್ತೆ ಬೆಳೆಸಲಿಲ್ಲ. ತೊಳೆಯಲು ಹಗುರ. ಕೆಲವು ತಿಂಗಳಿಗೊಮ್ಮೆ ಆಕೆ ಬಾಲ್ಕನಿಯಲ್ಲಿ ಪೇಪರ್ ಹಾಸಿ, ಅದೇ ಮಣೆಯ ಮೇಲೆ ನನ್ನನ್ನು ಕೂರಿಸಿ ತುದಿ ಕತ್ತರಿಸುತ್ತಾಳೆ. ಈಗ ಕೆಳಗೆ ನಾನು, ಹಿಂದೆ ಆಕೆ. ಮುಗಿದ ಮೇಲೆ ಪೇಪರನ್ನು ನಾಲ್ಕೂ ಕಡೆಯಿಂದ ಮಡಚುತ್ತಾಳೆ, ಕೈಯಲ್ಲಿ ಕೂದಲು ಮುಟ್ಟುವುದಿಲ್ಲ, ತುಟಿ ಬಿಗಿಹಿಡಿದಿರುತ್ತಾಳೆ. ನನ್ನನ್ನು ನೋಡುವುದಿಲ್ಲ. ನಾನೂ ನೋಡುವುದಿಲ್ಲ. ಪೇಪರನ್ನು ಕಸದ ಡಬ್ಬಿಯ ಹತ್ತಿರ ಇಟ್ಟು ಕೆಲಸಕ್ಕೆ ಹೋಗುತ್ತಾಳೆ. ಹಾಕುವುದಿಲ್ಲ, ಹತ್ತಿರ ಇಡುತ್ತಾಳೆ.

ಆಕೆ ಹೋದ ಮೇಲೆ ನಾನು ಅದನ್ನು ಬಿಚ್ಚಿ, ಒಂದು ಎಳೆ ಬೆರಳಿಗೆ ಸುತ್ತಿ, ಥೂ ಥೂ ಎಂದು ಡಬ್ಬಿಗೆ ಹಾಕುತ್ತೇನೆ. ಮನೆಯಲ್ಲಿ ಅಂಕ ಕಡಿಯುವವರಿಲ್ಲ.

ದೊಡ್ಡವನೇ, ನೀನು ಏನಾಗಬೇಕೋ ನನಗೂ ಗೊತ್ತಿಲ್ಲ. ನಿನ್ನ ದನಿ ಕೇಳಿದಾಗಿನಿಂದ ಮತ್ತೆ ಬೇಳೆ ತಳ ಹಿಡಿಯುತ್ತಿದೆ, ಸುಳ್ಳು ಹೇಳಲಾರೆ. ಮುಂದಿನ ಸಲ ಬಂದಾಗ ಆ ತಲೆಯನ್ನು ಇಳಿಸಿ ಕೊಡುತ್ತೇನೆ, ಮೂಗು ಜಗ್ಗಬೇಡ, ಸಡಿಲಾಗಿದೆ. ಮುಂದೆ ನೀವಿಬ್ಬರೂ ಎಲ್ಲಿಯಾದರೂ, ಯಾರೆದುರಾದರೂ ನಿಮ್ಮ ಕೈಕೆಲಸ ತೋರಿಸಲು ನಿಲ್ಲುತ್ತೀರಿ. ಅಲ್ಲಿ ನನ್ನ ಬಗ್ಗೆ ಯೋಚಿಸಬೇಡಿ, ನಿಯಮದ ಪ್ರಕಾರ ಮಾಡಿ. ದೃಷ್ಟಿ ತೆಗೆಯುವುದನ್ನು ನಾನು ಇಲ್ಲಿ ಕೂತು ಮಾಡಿರುತ್ತೇನೆ.